ಘಾಟಿಲ್ಲದ ಪುಡಿ

ನಮ್ಮೂರಿಗೆ ಬರುವವರಿಗೆ ದಾರಿ ಹೇಳುವುದು ಬಹಳ ಸುಲಭ. ಬಸ್ಸಿಳಿದು ನೆಟ್ಟಗೆ ಬಂದರೆ ಸೀದುಹೋದ ಹಾಲು ಸಿಗುತ್ತದೆ, ಅಲ್ಲಿ ಎಡಕ್ಕೆ ತಿರುಗಬೇಕು. ಮುಂದೆ ನಾಲ್ಕು ಹೆಜ್ಜೆಗೆ ಒದ್ದೆ ನಾಯಿ, ಅದನ್ನು ದಾಟಿದರೆ ಹಲಸಿನ ಹಣ್ಣು. ಹಲಸಿನ ಹಣ್ಣಿನ ಎದುರಿನ ನೀಲಿ ಬಾಗಿಲೇ ನನ್ನ ಮನೆ. ಹಾಲು ಸೀಯಿಸಿದ ಗಿರಿಜವ್ವ ತೀರಿಕೊಂಡು ನಲವತ್ತು ವರ್ಷವಾಯಿತು. ಆ ನಾಯಿಯನ್ನಂತೂ ಕಂಡವರೇ ಈಗ ಯಾರೂ ಉಳಿದಿಲ್ಲ. ಆದರೆ ನಮ್ಮೂರಿನಲ್ಲಿ ವಾಸನೆ ಒಮ್ಮೆ ಎದ್ದಿತೆಂದರೆ ಎದ್ದ ಜಾಗ ಬಿಟ್ಟು ಕದಲುವುದಿಲ್ಲ. ಗಾಳಿ ಬೀಸಿದರೂ ಅಷ್ಟೇ, ಮಳೆ ಹೊಯ್ದರೂ ಅಷ್ಟೇ. ಊರಾಚೆಯ ಗಡಿಗಲ್ಲು ದಾಟಿದರೆ ಮಾತ್ರ ಅದು ಎಲ್ಲ ಕಡೆಯಂತೆ ಹಾರಿಹೋಗುತ್ತದೆ.

ಅದಕ್ಕೇ ನಾವು ಮನೆಯಲ್ಲಿ ಒಗ್ಗರಣೆ ಹಾಕುವುದಿಲ್ಲ. ಗಡಿಗಲ್ಲಿನಾಚೆ ಕೆರೆಯ ಪಕ್ಕ ಒಗ್ಗರಣೆ ಕಟ್ಟೆ ಎಂದೊಂದಿದೆ, ಹನ್ನೆರಡು ಒಲೆ. ಬೆಳಗಾದರೆ ಎಲ್ಲರೂ ಸೌಟು, ಎಣ್ಣೆಗಿಂಡಿ, ಸಾಸಿವೆ ಡಬ್ಬಿ ಹಿಡಿದು ಅಲ್ಲಿಗೆ ಹೋಗುತ್ತೇವೆ. ಊರ ಸುದ್ದಿಯೆಲ್ಲ ಹುಟ್ಟುವುದು ಅಲ್ಲೇ. ಸತ್ತವರ ಫೋಟೋ ಗೋಡೆಗೆ ಹಾಕುವ ವಾಡಿಕೆಯೂ ನಮ್ಮಲ್ಲಿಲ್ಲ. ಅವರು ದಿನವೂ ಕೂರುತ್ತಿದ್ದ ಮೂಲೆ ಇರುತ್ತದಲ್ಲ, ಅದು ಸಾಕು. ತಿಥಿಯ ದಿನ ಮನೆಮಂದಿ ಆ ಮೂಲೆಯಲ್ಲಿ ಸ್ವಲ್ಪ ಹೊತ್ತು ಸುಮ್ಮನೆ ಕೂತು ಏಳುತ್ತಾರೆ.

ಇಂಥ ಊರಿನಲ್ಲಿ ಹದಿನಾಲ್ಕು ಮನೆಗಳನ್ನು ಹಾಳು ಮಾಡಿದವಳು ನಾನು. ಹೆಸರು ಅನಸೂಯ. ಊರಿನವರು ನನ್ನನ್ನು ಬೈಯಲಿಲ್ಲ, ಅದೇ ನನಗೆ ಹೆಚ್ಚು ಕಷ್ಟವಾದದ್ದು.

ನಮ್ಮೂರಿನ ಕಸುಬು ಚಾಪೆ. ಕೆರೆಯ ಜೊಂಡು ಕುಯ್ದು, ನೆನೆಸಿ, ಹೆಣೆಯುತ್ತೇವೆ. ಜೊಂಡು ಕುಯ್ಯುವ ಕಾಲಕ್ಕೆ ಕೈಗೆ ಒಂದು ಬಗೆಯ ಕಜ್ಜಿ ಬರುತ್ತದೆ. ಬೆರಳ ಸಂದುಗಳು ಬಿರಿದು ರಕ್ತ ಜಿನುಗುತ್ತದೆ, ಬಿಟ್ಟರೆ ವರ್ಷ ವರ್ಷಕ್ಕೂ ಬೆರಳು ಸೆಟೆದುಕೊಳ್ಳುತ್ತಾ ಹೋಗುತ್ತದೆ. ಅದಕ್ಕೆ ವೆಂಕಟಾಚಲ ಮೇಷ್ಟ್ರು ಜೊಂಡಿನ ಬೀದಿಯ ತಮ್ಮ ಔಷಧಶಾಲೆಯಲ್ಲಿ ಒಂದು ಬಿಳಿ ಪುಡಿ ಮಾಡುತ್ತಿದ್ದರು. ನಾನು ಅವರ ಕೈಕೆಳಗೆ ಕಲಿತವಳು. ಕಹಿಬಾದಾಮಿಯ ವಾಸನೆಯ ಒಂದು ಎಣ್ಣೆ, ನೀರಿನಲ್ಲಿ ಕರಗುವ ಇನ್ನೊಂದು ವಸ್ತು, ಚೂರು ಸೋಡಾ. ಎಣ್ಣೆಗೂ ನೀರಿನದಕ್ಕೂ ಮಾತುಕತೆ ಇಲ್ಲವಲ್ಲ, ಅವೆರಡನ್ನೂ ಒಂದು ಕಡೆ ಕೂರಿಸಲು ಬೆಂಜೀನ್ ಎಂಬ ದ್ರಾವಕ ಬೇಕಿತ್ತು. ದಲ್ಲಾಳಿಯ ಕೆಲಸ ಅದರದು. ಎಲ್ಲವನ್ನೂ ದೊಡ್ಡ ಗಾಜಿನ ಬುರುಡೆಗೆ ಹಾಕಿ, ಬಿಗಿಯಾಗಿ ಮುಚ್ಚಿ, ಗಂಟೆಗಟ್ಟಲೆ ಕಾಯಿಸಬೇಕು. ಕೊನೆಗೆ ಆರಿದ ಬುರುಡೆಯನ್ನು ಗಡಿಗಲ್ಲಿನಾಚೆ ಒಯ್ದು, ಅಲ್ಲಿ ಪುಡಿಯನ್ನು ಸೋಸಿ ಡಬ್ಬಿಗೆ ತುಂಬಿ ಮೂಸುತ್ತಿದ್ದರು. ಮೂಗಿಗೆ ಛಳಕ್ಕನೆ ಹೊಡೆದರೆ ತಲೆಯಾಡಿಸುತ್ತಿದ್ದರು. "ಘಾಟು ಬಂತಾ, ಔಷಧ ಬಂತು ಅಂತ ತಿಳ್ಕೊ," ಎನ್ನುತ್ತಿದ್ದರು. ನಮ್ಮೂರಲ್ಲಿ ಅನ್ನ ಬೆಂದದ್ದು, ಹಣ್ಣು ಮಾಗಿದ್ದು, ಮಗುವಿಗೆ ಜ್ವರ ಬಂದದ್ದು ಎಲ್ಲವೂ ಗೊತ್ತಾಗುವುದು ಮೂಗಿನಿಂದಲೇ. ಮೇಷ್ಟ್ರ ಪಾಠವನ್ನು ನಾನು ಒಮ್ಮೆಯೂ ಅನುಮಾನಿಸಲಿಲ್ಲ.

ಹನ್ನೊಂದು ವರ್ಷದ ಹಿಂದೆ, ಮೇಷ್ಟ್ರು ಊಟಕ್ಕೆ ಹೋಗಿದ್ದಾಗ, ಕಾದ ಬುರುಡೆಯನ್ನು ಇಳಿಸಿ ಒದ್ದೆ ಕಲ್ಲಿನ ಮೇಲೆ ಇಟ್ಟೆ. ಕಾದ ಗಾಜನ್ನು ಒದ್ದೆ ಕಲ್ಲಿನ ಮೇಲೆ ಇಡಬಾರದು ಎಂಬುದು ನನಗೆ ಗೊತ್ತಿತ್ತು. ಕೈ ಸೋತಿತ್ತು, ಇಟ್ಟೆ. ಬುರುಡೆ ಎರಡು ಹೋಳಾಗಿ ಬೆಂಜೀನ್ ನೆಲದ ಮೇಲೆ ಹರಿದು, ಹೊಸ್ತಿಲು ದಾಟಿ, ಬೀದಿಯ ಇಳಿಜಾರು ಹಿಡಿಯಿತು. ಯಾರಿಗೂ ಬೆಂಕಿ ತಾಗಲಿಲ್ಲ, ಯಾರೂ ಸಾಯಲಿಲ್ಲ. ಆದರೆ ಸಂಜೆಯೊಳಗೆ ಹದಿನಾಲ್ಕು ಮನೆಯವರು ಪಾತ್ರೆ ಪಗಡೆ ಹೊತ್ತು ಹೊರಬಿದ್ದರು, ಆಮೇಲೆ ತಿರುಗಿ ಹೋಗಲಾಗಲಿಲ್ಲ. ಮೇಷ್ಟ್ರು ಮರುವರ್ಷವೇ ತೀರಿಕೊಂಡರು. ಬೆಂಜೀನ್ ಗಡಿಗಲ್ಲಿನೊಳಗೆ ಬರಕೂಡದು ಎಂದು ಊರು ತೀರ್ಮಾನಿಸಿತು. ಹನ್ನೆರಡು ಒಲೆ ಉರಿಯುವ ಕಟ್ಟೆಯ ಹತ್ತಿರ ಅದನ್ನು ತರುವ ಮಾತು ಹುಚ್ಚರೂ ಆಡಲಿಲ್ಲ.

ಔಷಧಶಾಲೆಗೆ ಗೋಡೆಗೆ ಗೋಡೆ ಅಂಟಿದ್ದ ಮನೆ ಹೊನ್ನಮ್ಮನದು. ಅವಳೂ ನಾನೂ ಒಂದೇ ಬೆಂಚಿನಲ್ಲಿ ಕೂತು ಓದಿದವರು. ಅವಳ ಅವ್ವ ಕೆಂಪಮ್ಮ ಬುರುಡೆ ಒಡೆಯುವ ಹಿಂದಿನ ವರ್ಷ ತೀರಿಕೊಂಡಿದ್ದಳು. ಬೀಸುವ ಕಲ್ಲಿನ ಪಕ್ಕದ ಮೂಲೆ ಅವಳದು. ಅಲ್ಲಿ ಅವಳ ತಲೆಯ ಹರಳೆಣ್ಣೆಯ ವಾಸನೆಗೆ ಹೊಗೆಸೊಪ್ಪಿನದೂ ಸೇರಿತ್ತಂತೆ. ಮಗಳ ಬೈಗುಳ ತಡೆಯಲಾರದೆ ಕೆಂಪಮ್ಮ ಹೊಗೆಸೊಪ್ಪು ಬಿಟ್ಟೆನೆಂದು ಮಗಳ ತಲೆ ಮುಟ್ಟಿ ಆಣೆ ಮಾಡಿ, ಆ ಮೂಲೆಯನ್ನೂ ಬಿಟ್ಟು ಕಿಟಕಿಯ ಬದಿಗೆ ಜಾಗ ಬದಲಿಸಿದ್ದಳು. ಎರಡು ಮೂಲೆಯೂ ಬೆಂಜೀನ್ ಪಾಲಾದವು. ತಿಥಿಯ ದಿನ ಹೊನ್ನಮ್ಮ ಎಲ್ಲಿ ಕೂರುತ್ತಾಳೆ ಎಂದು ನಾನು ಯಾರನ್ನೂ ಕೇಳಲಿಲ್ಲ. ಹನ್ನೊಂದು ವರ್ಷ ಅವಳು ನನ್ನೊಡನೆ ಮಾತಾಡಲಿಲ್ಲ. ಮಿಕ್ಕವರು ನನಗೆ ಸಮಾಧಾನ ಹೇಳುತ್ತಿದ್ದರು. "ಔಷಧ ಬೇಕು ಅಂದ್ರೆ ಘಾಟು ತಡ್ಕೋಬೇಕು ಕಣಮ್ಮ, ನಿನ್ನ ತಪ್ಪೇನು," ಎನ್ನುತ್ತಿದ್ದರು. ಆ ಮಾತನ್ನು ನಾನೂ ನಂಬಿಕೊಂಡೆ, ಬದುಕಬೇಕಲ್ಲ.

ಮುಂದೆ ಪುಡಿ ಹೊರಗಿನಿಂದ ಲಾರಿಯಲ್ಲಿ ಬರತೊಡಗಿತು. ಎರಡು ವರ್ಷದ ಹಿಂದೆ ಅಲ್ಲಿಯವರು ಅದನ್ನು ಮಾಡುವುದನ್ನೇ ನಿಲ್ಲಿಸಿದರು. ಜೊಂಡಿನ ಒಂದು ಸುಗ್ಗಿ ಪುಡಿಯಿಲ್ಲದೆ ಕಳೆಯಿತು. ಒಗ್ಗರಣೆ ಕಟ್ಟೆಯಲ್ಲಿ ಹೊನ್ನಮ್ಮ ಸೌಟನ್ನು ಎರಡು ಅಂಗೈಯ ನಡುವೆ ಒತ್ತಿ ಹಿಡಿದದ್ದು ಕಂಡೆ. ಬೆರಳು ಮಡಿಸಲು ಬರುತ್ತಿರಲಿಲ್ಲ. ಊರಿನಲ್ಲಿ ಅವಳಷ್ಟು ಸಣ್ಣಗೆ ಹೆಣೆಯುವವರು ಇನ್ನೊಬ್ಬರಿಲ್ಲ. ಇನ್ನೊಂದು ಸುಗ್ಗಿ ಹೀಗೇ ಹೋದರೆ ಆ ಬೆರಳು ಮತ್ತೆ ಬಾಗುವುದಿಲ್ಲ ಎಂದು ನನಗೆ ಗೊತ್ತಿತ್ತು. ಮನೆಯನ್ನಂತೂ ಕಳೆದೆ, ಕೈಯನ್ನೂ ಕಳೆಯಲು ಬಿಡುವುದಿಲ್ಲ ಎಂದುಕೊಂಡೆ. ಬೆಂಜೀನ್ ಇಲ್ಲದೆ ಹೇಗೆ ಎಂಬುದು ಮಾತ್ರ ಹೊಳೆಯಲಿಲ್ಲ.

ಹೊಳೆದದ್ದು ದಸ್ತಗೀರ್ ಸಾಬರ ಕನ್ನಡಕದ ಅಂಗಡಿಯಲ್ಲಿ. ನನ್ನ ಕನ್ನಡಕಕ್ಕೆ ಒಗ್ಗರಣೆ ಎಣ್ಣೆ ಸಿಡಿದು ಕೂತುಬಿಟ್ಟಿತ್ತು. ಸಾಬರು ಅದನ್ನು ಟಿಫಿನ್ ಡಬ್ಬಿಯಷ್ಟೇ ದೊಡ್ಡದಾದ ಒಂದು ಉಕ್ಕಿನ ತೊಟ್ಟಿಯ ನೀರಿಗೆ ಹಾಕಿ ಗುಂಡಿ ಒತ್ತಿದರು. ಅಂಗಡಿಯ ಮುಂದೆ ಮಲಗಿದ್ದ ನಾಯಿ ಎದ್ದು ಹೊರಟುಹೋಯಿತು. ಎಣ್ಣೆ ನೀರಿನಲ್ಲಿ ಹಾಲಿನಂತೆ ಕದಡಿಹೋಯಿತು, ಸೋಪಿನ ಹನಿಯೂ ಇಲ್ಲದೆ.

"ಇದೇನು ಸಾಬ್ರೇ?"

"ಸದ್ದು ಅಮ್ಮಾ. ನಮ್ಮ ಕಿವಿಗೆ ನಿಲುಕಲ್ಲ. ನಾಯಿಗೆ ಕೇಳತ್ತೆ, ನೀರಿಗೆ ಕೇಳತ್ತೆ," ಎಂದು ಅವರು ಸಿಗರೇಟು ಪ್ಯಾಕಿನ ಬೆಳ್ಳಿ ಹಾಳೆಯನ್ನು ತೊಟ್ಟಿಗೆ ಇಳಿಬಿಟ್ಟರು. ನಿಮಿಷದಲ್ಲಿ ಎತ್ತಿ ತೋರಿಸಿದಾಗ ಹಾಳೆಯ ತುಂಬ ಸೂಜಿ ಚುಚ್ಚಿದಂಥ ತೂತು. "ಕಣ್ಣಿಗೆ ಕಾಣದಂಥ ಗುಳ್ಳೆ ಏಳ್ತಾವೆ, ಒಡೀತಾವೆ. ಒಡೆಯೋ ಜಾಗದಲ್ಲಿ ಒಲೆಗಿಂತ ಬಿಸಿ ಇರತ್ತಂತೆ. ನೀರು ಮಾತ್ರ ಬೆಚ್ಚಗೂ ಆಗಲ್ಲ, ಕೈ ಇಟ್ಟು ನೋಡಿ."

ನಾನು ಕೈ ಇಡಲಿಲ್ಲ. ಕದಡಿದ ಎಣ್ಣೆಯನ್ನೇ ನೋಡುತ್ತಾ ನಿಂತೆ. ಎಣ್ಣೆಯೂ ನೀರೂ ದಲ್ಲಾಳಿ ಇಲ್ಲದೆ ಒಂದಾಗಿ ಕೂತಿದ್ದವು.

ಮರುದಿನ ಸಿದ್ದಜ್ಜನ ಜಗುಲಿಗೆ ಹೋದೆ. ಊರಿಗೆಲ್ಲ ಒಪ್ಪಿತವಾದ ಮೂಗು ಅವನದು. ಬೀದಿಯಲ್ಲಿ ಹಾದುಹೋದವರಿಗೆ ಜ್ವರ ಬರುವುದನ್ನು ಒಂದು ದಿನ ಮೊದಲೇ ಹೇಳುತ್ತಾನೆ. ಯಾವ ವಸ್ತು ಊರೊಳಗೆ ಬರಬೇಕು, ಯಾವುದು ಕೂಡದು ಎಂಬ ತೀರ್ಮಾನ ತೊಂಬತ್ತು ದಾಟಿದ ಆ ಮುದುಕನದೇ.

"ಏನು ತರ್ತೀಯ ತಾಯಿ ಒಳಕ್ಕೆ?" ಎಂದು ಕೇಳಿದ.

"ನೀರು ಅಜ್ಜ. ಕೆರೆ ಕಟ್ಟೆ ಹತ್ರಾನೇ ಎಲ್ಲ ಬೆರೆಸಿ, ಸೀಸೆಗೆ ಬಿರಡೆ ಜಡಿದು ತರ್ತೀನಿ. ಸಾಬ್ರ ತೊಟ್ಟೀಲಿಟ್ಟು ಸದ್ದು ಕೊಡ್ತೀನಿ. ತಿರುಗಿ ಕಟ್ಟೆಗೆ ಒಯ್ದು ಬಿಚ್ತೀನಿ."

"ವಾಸನೆ?"

"ಬರಲ್ಲ."

"ಆವತ್ತೂ ಬರಲ್ಲ ಅಂತಾನೇ ಅಂದಿದ್ರು ನಿಮ್ಮ ಮೇಷ್ಟ್ರು." ಅಜ್ಜನ ದನಿಯಲ್ಲಿ ಸಿಟ್ಟಿರಲಿಲ್ಲ. "ಬಂದ್ರೆ?"

"ಬಂದ್ರೆ ನಾನು ಗಡಿಗಲ್ಲು ದಾಟಿ ಹೋಗ್ತೀನಿ. ವಾಪಸು ಬರಲ್ಲ."

ಅಜ್ಜ ಮೂಗಿನ ತುದಿ ಉಜ್ಜಿಕೊಂಡ. "ಸುಗ್ಗಿ ಮುಗಿಯೋದ್ರೊಳಗೆ ನನ್ನ ಮೂಗಿನ ಮುಂದೆ ಬಿಚ್ಚಿ ತೋರಿಸು. ಆಗಲಿಲ್ಲ ಅಂದ್ರೆ ಮತ್ತೆ ಈ ಮಾತು ಎತ್ತಬೇಡ," ಎಂದ.

ಏಳು ತಿಂಗಳು ನಾನು ಆ ತೊಟ್ಟಿಯ ಮುಂದೆ ಕೂತೆ. ಸಾಬರು ಮಧ್ಯಾಹ್ನ ನಮಾಜಿಗೆ, ಊಟಕ್ಕೆ ಎಂದು ಅಂಗಡಿ ಮುಚ್ಚುವ ಹೊತ್ತು ನನ್ನದು. ಸೀಸೆಯೊಳಗೆ ಎಣ್ಣೆ ಕದಡುತ್ತಿತ್ತು, ಹಾಲಿನ ಬಣ್ಣವಾಗುತ್ತಿತ್ತು, ನಾನು ಅದನ್ನು ಹೊತ್ತು ಗಡಿಗಲ್ಲು ದಾಟಿ ಕಟ್ಟೆಯ ಹಿಂದೆ ಬಿರಡೆ ತೆಗೆದು ಮೂಸುತ್ತಿದ್ದೆ. ಘಾಟಿಲ್ಲ. ತಳದಲ್ಲಿ ಬಿಳಿ ಗಷ್ಟು ಕೂತಿರುತ್ತಿತ್ತು. ಸೋಡಾ ಹೆಪ್ಪುಗಟ್ಟಿರಬೇಕು ಎಂದುಕೊಳ್ಳುತ್ತಿದ್ದೆ. ಸೋಡಾ ಕಡಿಮೆ ಮಾಡಿದೆ, ಗಷ್ಟು ಕಡಿಮೆಯಾಗಲಿಲ್ಲ. ಹತ್ತು ನಿಮಿಷದ ಸದ್ದನ್ನು ಅರ್ಧ ಗಂಟೆ ಮಾಡಿದೆ, ಗಷ್ಟು ಹೆಚ್ಚಿತು, ಘಾಟು ಬರಲಿಲ್ಲ. ಒಳಗೆ ಹಾಕಿದ ಬಾದಾಮಿ ವಾಸನೆಯೂ ಎಲ್ಲಿಗೆ ಹೋಯಿತು ಎಂದು ಕೇಳಿಕೊಳ್ಳುವಷ್ಟು ಬುದ್ಧಿ ಮಾತ್ರ ನನಗೆ ಬರಲಿಲ್ಲ. ಸೀಸೆ ಮತ್ತೆ ಬೇಕಲ್ಲ, ಗಷ್ಟನ್ನು ಬಟ್ಟೆಯಲ್ಲಿ ಸೋಸಿ, ಎರಡು ನೀರಿನಲ್ಲಿ ತೊಳೆದು, ಆಮೇಲೆ ನೋಡೋಣವೆಂದು ಮಣ್ಣಿನ ತಟ್ಟೆಗಳಲ್ಲಿ ಕಟ್ಟೆಯ ಗೋಡೆಯ ಮೇಲೆ ಒಣಗಲು ಇಡುತ್ತಿದ್ದೆ. ಆಮೇಲೆ ನೋಡುತ್ತಿರಲಿಲ್ಲ. ಸೋತದ್ದನ್ನು ಯಾರು ತಿರುಗಿ ನೋಡುತ್ತಾರೆ? ನಲವತ್ತಮೂರು ಸೀಸೆ ಹೀಗೆ ಹೋದವು. ಸಾಬರು, "ಬಿಡಬೇಡಿ ಅಮ್ಮಾ, ಮಷಿನ್ನಿಗೇನೂ ಬೇಜಾರಿಲ್ಲ," ಎನ್ನುತ್ತಿದ್ದರು. ಬೇಜಾರು ನನಗಿತ್ತು, ಆದರೆ ಬಿಡುವ ಯೋಚನೆ ಇರಲಿಲ್ಲ.

ಸುಗ್ಗಿ ಶುರುವಾಯಿತು. ಎರಡೇ ವಾರದಲ್ಲಿ ಕಟ್ಟೆಯ ಮೇಲಿನ ಕೈಗಳೆಲ್ಲ ಬಟ್ಟೆ ಸುತ್ತಿಕೊಂಡವು. ಒಂದು ಬೆಳಿಗ್ಗೆ ನನ್ನ ಪಕ್ಕದ ಒಲೆಯಲ್ಲಿ ಹೊನ್ನಮ್ಮ ಸಾಸಿವೆ ಸಿಡಿಸುತ್ತಿದ್ದಳು. ಸೌಟು ಒಂದೇ ಕೈಯಲ್ಲಿತ್ತು. ಬೆರಳುಗಳು ಹಿಡಿಯ ಸುತ್ತ ಸಲೀಸಾಗಿ ಮಡಿಸಿಕೊಂಡಿದ್ದವು, ಬಟ್ಟೆಯಿರಲಿಲ್ಲ, ಬಿರುಕಿರಲಿಲ್ಲ.

"ಹೊನ್ನೀ, ಏನು ಹಚ್ಚಿದೆ ಕೈಗೆ?"

ಅವಳು ಸೌಟಿನ ಮೇಲಿನ ಕಣ್ಣು ತೆಗೆಯಲಿಲ್ಲ. ಸಾಸಿವೆ ಸಿಡಿದು ಮುಗಿದ ಮೇಲೆ, ಯಾರಿಗೋ ಹೇಳುವಂತೆ, "ಹಚ್ಚೋಕೆ ಏನೈತೆ ಈ ಊರಲ್ಲಿ," ಎಂದಳು. ಕರಿಬೇವು ಹಾಕಿದಳು. "ಒದ್ದೆ ಜೊಂಡು ಜಾರ್ತದೆ ಅಂತ ಬೆರಳಿಗೆ ಹಿಟ್ಟು ಮುಟ್ಟಿಸ್ಕೊತೀನಿ, ಅಷ್ಟೆ. ಯಾರೋ ಆ ಗೋಡೆ ಮೇಲೆ ಅಕ್ಕಿಹಿಟ್ಟು ಒಣಗಾಕಿ ಮರ್ತು ಹೋಗಿರ್ತಾರೆ. ನಾಲ್ಕು ತಟ್ಟೆ ತಗೊಂಡಿದ್ದೀನಿ. ಅವರು ಕೇಳಿದ್ರೆ ಅಳೆದು ಕೊಡ್ತೀನಿ."

"ಅಕ್ಕಿಹಿಟ್ಟು ಅಂತ ಹೆಂಗೆ ಗೊತ್ತಾಯ್ತು?"

"ಮೂಸಿ ನೋಡ್ದೆ. ಏನೂ ವಾಸನೆ ಇರ್ಲಿಲ್ಲ."

ನಾನು ಅಲ್ಲೇ ಒಲೆಯ ಪಕ್ಕ ಕೂತುಬಿಟ್ಟೆ. ನನ್ನ ಒಗ್ಗರಣೆ ಕರಕಾಯಿತು. ಪುಣ್ಯಕ್ಕೆ ಅದು ಗಡಿಗಲ್ಲಿನಾಚೆ.

ಮೇಷ್ಟ್ರ ಕೈಯ ಕೊನೆಯ ಡಬ್ಬಿಯೊಂದನ್ನು ನಾನು ಮೇಣ ಹಾಕಿ ಮುಚ್ಚಿ ಇಟ್ಟುಕೊಂಡಿದ್ದೆ. ಅದನ್ನು ಕಟ್ಟೆಗೆ ಒಯ್ದು, ಪುಡಿಯನ್ನು ತಟ್ಟೆಯಲ್ಲಿ ಹರಡಿ ಬಿಸಿಲಿಗಿಟ್ಟೆ. ಮೊದಲ ದಿನ ಹತ್ತಿರ ಹೋಗಲು ಆಗುತ್ತಿರಲಿಲ್ಲ. ಮೂರನೆಯ ದಿನ ಮೂಸಿದರೆ ಏನೂ ಇಲ್ಲ. ಆ ಪುಡಿಯನ್ನೊಂದಿಷ್ಟು, ನನ್ನ ಗಷ್ಟನ್ನೊಂದಿಷ್ಟು ಎರಡು ಸಣ್ಣ ಗಾಜಿನ ನಳಿಗೆಗಳಿಗೆ ತುಂಬಿ ಒಟ್ಟಿಗೆ ಕಾಯಿಸಿದೆ. ಎರಡೂ ಒಂದೇ ಗಳಿಗೆಯಲ್ಲಿ ಕರಗಿದವು. ಎರಡನ್ನೂ ಬೆರೆಸಿ ಕಾಯಿಸಿದೆ, ಆಗಲೂ ಅದೇ ಗಳಿಗೆ. ಬೇರೆ ಬೇರೆ ವಸ್ತುಗಳಾಗಿದ್ದರೆ ಬೆರೆಸಿದಾಗ ಬೇಗ ಕರಗಬೇಕಿತ್ತು. ಎರಡೂ ಒಂದೇ. ನನ್ನ ಸೀಸೆಯ ಬಾದಾಮಿ ಎಣ್ಣೆ ಪೂರ್ತಿ ಪುಡಿಯಾಗಿಹೋಗಿತ್ತು, ಅದಕ್ಕೇ ಅದರ ವಾಸನೆಯೂ ಉಳಿದಿರಲಿಲ್ಲ. ಘಾಟು ಎಂದೂ ಔಷಧದ್ದಾಗಿರಲಿಲ್ಲ. ಅದು ಪುಡಿಯ ನಡುವೆ ಸಿಕ್ಕಿಕೊಂಡು ಉಳಿದ ಬೆಂಜೀನಿನದು. ನಾವು ದಲ್ಲಾಳಿಯನ್ನು ಮದುಮಗನೆಂದುಕೊಂಡು ಆರತಿ ಎತ್ತಿದ್ದೆವು. ಮೊದಲು ನನಗೆ ನಗು ಬಂತು. ಆಮೇಲೆ ಹದಿನಾಲ್ಕು ಮನೆಗಳು ನೆನಪಾಗಿ ನಗು ನಿಂತಿತು.

ಸಾಬರ ಅಂಗಡಿಯ ಮುಂದೆ ಊರು ಸೇರಿದ ದಿನ ಸಿದ್ದಜ್ಜನನ್ನು ಕುರ್ಚಿ ಸಮೇತ ಎತ್ತಿ ತಂದರು. ಅರ್ಧ ಗಂಟೆ ತೊಟ್ಟಿ ಗುಯ್ಗುಟ್ಟಿತು. ಸೀಸೆಯನ್ನು ಎತ್ತಿ, ನಮ್ಮೂರಿನ ನಟ್ಟನಡುವೆ, ನಾನು ಬಿರಡೆ ತೆಗೆದೆ. ಅಜ್ಜ ಬಗ್ಗಿ ಮೂರು ಸಲ ಉಸಿರೆಳೆದುಕೊಂಡ.

"ನೀರು," ಎಂದ. "ಗಾಜು. ಇವಳ ಕೈ ಬೆವರು. ಬೇರೇನಿಲ್ಲ."

"ಹಂಗಾದ್ರೆ ಏನೂ ಆಗಿಲ್ಲ ಬಿಡಿ," ಎಂದು ಹಿಂದಿನಿಂದ ಯಾರೋ ಅಂದರು. ಒಂದಿಬ್ಬರು ಎದ್ದು ಹೊರಟೇಬಿಟ್ಟರು.

"ಕೂತ್ಕೊಳ್ಳಿ," ಎಂದೆ. ನನ್ನ ದನಿ ನನಗೇ ಹೊಸದಾಗಿತ್ತು. ತಳದ ಬಿಳಿಯನ್ನು ಸೋಸಿ ತೋರಿಸಿದೆ. "ಔಷಧ ಇದು. ನಂಬಲ್ಲ ಅಂದ್ರೆ ಹೊನ್ನಮ್ಮನ ಕೈ ನೋಡಿ. ಅಕ್ಕಿಹಿಟ್ಟು ಅಂತ ಅವಳು ಒಂದು ತಿಂಗಳಿಂದ ಮುಟ್ಟಿಸ್ಕೊಂಡಿದ್ದು ಇದನ್ನೇ."

ಹೊನ್ನಮ್ಮ ಮುಂದೆ ಬಂದಳು. ಅಜ್ಜ ಅವಳ ಎರಡೂ ಕೈ ಹಿಡಿದು ಮೂಸಿದ. ಆಮೇಲೆ ಪಕ್ಕದಲ್ಲಿದ್ದವಳ ಬಟ್ಟೆ ಸುತ್ತಿದ ಕೈ, ಅದರಾಚೆಯವನ ಕೈ. ತಿರುಗಿ ಹೊನ್ನಮ್ಮನದು. "ಇವರಿಬ್ಬರ ಕೈಯಲ್ಲಿ ಹಸಿ ಗಾಯ ಐತೆ," ಎಂದ. "ಇವಳದ್ರಲ್ಲಿ ಇಲ್ಲ. ಜೊಂಡು ಮಾತ್ರ ಐತೆ. ಇದು ಔಷಧ. ಮಾಡ್ಲಿ."

ಜನ ಒಮ್ಮೆಲೇ ಮಾತಿಗೆ ತೊಡಗಿದರು. ಸಾಬರು ಕಣ್ಣೊರೆಸಿಕೊಂಡರು. ಆ ಗದ್ದಲದ ನಡುವೆ ಹೊನ್ನಮ್ಮ ಕದಲದೆ ನಿಂತಿದ್ದಳು.

"ಹಂಗಾರೆ ಆ ಘಾಟು?" ಎಂದಳು. "ನಮ್ಮ ಬೀದಿ ಘಾಟು. ಅದು ಔಷಧದ್ದಲ್ವಾ?"

ಹನ್ನೊಂದು ವರ್ಷದಿಂದ ನನ್ನನ್ನು ಕಾಪಾಡಿದ್ದ ಮಾತು ಅದು. ಒಂದು ಸುಳ್ಳು ಹೇಳಿದ್ದರೂ ನಡೆಯುತ್ತಿತ್ತು.

"ಅಲ್ಲ," ಎಂದೆ.

"ಅದಿಲ್ದೇನೂ ಆಗ್ತಿತ್ತಾ?"

"ಆಗ್ತಿತ್ತು. ನಮಗೆ ಗೊತ್ತಿರ್ಲಿಲ್ಲ ಹೊನ್ನೀ."

ಅವಳು ಕೈಗಳನ್ನು ಸೆರಗಿನೊಳಗೆ ಸೇರಿಸಿಕೊಂಡು ಹೊರಟುಹೋದಳು. ಊರಿನವರು ನನ್ನ ಬೆನ್ನು ತಟ್ಟಿದರು. ನನಗೆ ಯಾವುದೂ ಬೇಕಿರಲಿಲ್ಲ.

ಮರುದಿನ ಬೆಳಿಗ್ಗೆ ಬಾಗಿಲು ಬಡಿದ ಸದ್ದಾಯಿತು. ಹೊನ್ನಮ್ಮ, ಕೈಯಲ್ಲಿ ಪೊರಕೆ.

"ಮಷಿನ್ನು ಎಲ್ಲಿಕ್ತೀಯ?"

"ಸಾಬ್ರ ಅಂಗಡೀಲೇ, ಮಧ್ಯಾಹ್ನದ ಹೊತ್ತು."

"ಸಾಲ್ದು. ಊರಿಗೆಲ್ಲ ಬೇಕು. ದೊಡ್ಡದು ತರಿಸು, ನಮ್ಮನೇಲಿ ಇಕ್ಕು."

"ಆ ಮನೇಲಾ? ಅಲ್ಲಿ ಇನ್ನೂ..."

"ಗೊತ್ತು. ನೀನು ಎಬ್ಬಿಸಿದ ಘಾಟು, ನೀನೇ ದಿನಾ ಕುಡ್ಕೊಂಡು ಕೂತು ಮಾಡು. ಖಾಲಿ ಬಿಟ್ಟಿದ್ದು ಸಾಕು ಆ ಮನೇನ."

ಬರುವುದಿಲ್ಲ ಎನ್ನುವ ಹಕ್ಕು ನನಗಿರಲಿಲ್ಲ, ಮನಸ್ಸೂ ಇರಲಿಲ್ಲ. ಜೊಂಡಿನ ಬೀದಿಗೆ ಕಾಲಿಟ್ಟ ಕೂಡಲೇ ಬೆಂಜೀನ್ ಹಣೆಗೆ ಹೊಡೆಯಿತು. ಸೆರಗನ್ನು ಮೂಗಿಗೆ ಒತ್ತಿಕೊಂಡೆ, ಹೊನ್ನಮ್ಮ ಒತ್ತಿಕೊಳ್ಳದಿರುವುದು ಕಂಡು ತೆಗೆದುಬಿಟ್ಟೆ. ಬೀಗ ತುಕ್ಕು ಹಿಡಿದಿತ್ತು, ಕಲ್ಲಿನಿಂದ ಜಜ್ಜಿ ತೆಗೆದಳು. ಬೀಸುವ ಕಲ್ಲು ಇದ್ದಲ್ಲೇ ಇತ್ತು. ಅವಳು ಆ ಮೂಲೆಯನ್ನೂ ಕಿಟಕಿಯ ಬದಿಯನ್ನೂ ನೋಡಿದಳು, ಹತ್ತಿರ ಹೋಗಲಿಲ್ಲ. ಇಬ್ಬರೂ ಗುಡಿಸಿದೆವು. ಹತ್ತು ಹತ್ತು ನಿಮಿಷಕ್ಕೆ ಹೊರಗೆ ಓಡಿ ಉಸಿರು ತೆಗೆದುಕೊಂಡು ಬರುತ್ತಿದ್ದೆವು. ಸೀಸೆ ಜೋಡಿಸಲು ಜಾಗ ಬೇಕು ಎಂದೆ. ಅಟ್ಟ ಖಾಲಿ ಮಾಡುತ್ತೇನೆಂದು ಅವಳು ಏಣಿ ತಂದು ಗೋಡೆಗೆ ಒರಗಿಸಿ ಹತ್ತಿದಳು.

ಅವಳು ಸೊಂಟದವರೆಗೆ ಅಟ್ಟದೊಳಗೆ ಹೋದಳು. ಅಲ್ಲಿಗೆ ನಿಂತಳು.

"ಹಾವೇನಾದ್ರೂ ಐತಾ?" ಎಂದೆ.

ನಾನು ಎರಡು ಮೆಟ್ಟಿಲು ಹತ್ತಿ ಮುಖ ಮೇಲಕ್ಕೆತ್ತಿದೆ. ನೆಲದ ಮೇಲೆ ನಿಂತಾಗ ನನ್ನ ಹಣೆ ಇರುವಲ್ಲಿಂದ ಒಂದು ಗೇಣು ಮೇಲಕ್ಕೆ ಘಾಟು ಗೆರೆ ಎಳೆದಂತೆ ನಿಂತುಹೋಗಿತ್ತು. ಬೆಂಜೀನಿನ ಆವಿ ಗಾಳಿಗಿಂತ ಭಾರ, ನೆಲ ಹಿಡಿದು ಹರಿಯುತ್ತದೆ, ಮೇಲೇರುವುದಿಲ್ಲ. ಮೇಷ್ಟ್ರು ಮೊದಲ ವಾರ ಹೇಳಿಕೊಟ್ಟದ್ದು. ಹನ್ನೊಂದು ವರ್ಷ ಆ ಮಾತು ನನ್ನ ತಲೆಯಲ್ಲಿ ಸುಮ್ಮನೆ ಬಿದ್ದಿತ್ತು. ಅಟ್ಟಕ್ಕೆ ಅದು ಮುಟ್ಟಿಯೇ ಇರಲಿಲ್ಲ. ಅಟ್ಟದ ಬಾಯಲ್ಲೇ ಹರಳೆಣ್ಣೆಯ ವಾಸನೆ ನಿಂತಿತ್ತು, ಅದರ ಹಿಂದೆಯೇ ಹೊಗೆಸೊಪ್ಪು, ಇದೀಗ ಬಾಯಿಗೆ ಹಾಕಿಕೊಂಡಂತೆ ಹಸಿಯಾಗಿ.

"ಕಳ್ಳಿ," ಎಂದಳು ಹೊನ್ನಮ್ಮ ಮೇಲಿನಿಂದ. "ನಮ್ಮವ್ವ ನನ್ನ ತಲೆ ಮುಟ್ಟಿ ಆಣೆ ಇಟ್ಟಿದ್ಲು ಕಣೇ ಅನಸೂ. ಸೋರೆ ಬೀಜ ಹುಡುಕ್ತೀನಿ ಅಂತ ದಿನಾ ಅರ್ಧ ಗಂಟೆ ಇಲ್ಲಿ ಬಂದು ಕೂರೋಳು."

ಅವಳು ಅಟ್ಟದೊಳಗೆ ತೆವಳಿ ಹೋಗಿ, ಅವ್ವ ಕೂರುತ್ತಿದ್ದ ಮೂಲೆಯಲ್ಲಿ ಕೂತ ಸದ್ದಾಯಿತು. ನಾನು ಕೆಳಗಿಳಿದು, ಘಾಟಿನೊಳಗೆ, ಅವಳು ಇಳಿಯುವವರೆಗೂ ಏಣಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತೆ.